ಸ್ವರ ಬರೆದರೆ ಹಾಡು ಬರೆದಂತಾಯಿತೇ?

(ಸಂಗೀತ ವಿದ್ಯಾರ್ಥಿಗಳು ಮತ್ತು ಪೋಷಕರ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಕಂಪ್ಯೂಟರಿಗೂ ಸಂಗೀತಕ್ಕೂ ಏನು ಸಂಬಂಧ ಎಂದು ಕೇಳುವ ಹಿರಿಯರು ಈ ಸಭೆಯಲ್ಲೂ ಇರಬಹುದು. ಕಂಪ್ಯೂಟರ್ ಇದ್ದಮೇಲೆ ಮೇಷ್ಟ್ರು ಏಕೆ ಬೇಕು ಎಂದು ಕೇಳುವ ಕಿರಿಯರೂ ಇರಬಹುದು. ಎರಡು ಪ್ರಶ್ನೆಗಳಿಗೂ ಮೈಸೂರಿನ ಒಬ್ಬ ಪದವಿ ವಿದ್ಯಾರ್ಥಿನಿಯ ಅನುಭವದಲ್ಲಿ ಉತ್ತರವಿದೆ. ಆಕೆಯ ಹೆಸರು ಇಲ್ಲಿ ಮುಖ್ಯವಲ್ಲ. ಎಂಟು ವರ್ಷಗಳಿಂದ ಕರ್ನಾಟಕ ಸಂಗೀತದ ಹಾಡುಗಾರಿಕೆ ಕಲಿಯುತ್ತಿದ್ದಾಳೆ. ಕಳೆದ ವರ್ಷ ಸಂಜೆಯ ತರಗತಿಯೊಂದಕ್ಕೆ ಸೇರಿ ಧ್ವನಿಮುದ್ರಣ, ಮುದ್ರಿಸಿದ್ದನ್ನು ಕಂಪ್ಯೂಟರಿನಲ್ಲಿ ತಿದ್ದಿ ಜೋಡಿಸುವ ಕೆಲಸ ಮತ್ತು ಸ್ವರಲಿಪಿ ಬರೆಯುವ ಸಾಫ್ಟ್‌ವೇರನ್ನು ಕಲಿತಳು. ಈ ವಿದ್ಯೆಗೆ ಈಗ ಮ್ಯೂಸಿಕ್ ಪ್ರೊಡಕ್ಷನ್ ಎಂಬ ಹೆಸರು.

ಆಕೆ ಸೇರಿದ್ದು ಸಿನಿಮಾ ಹಾಡು ಮಾಡಬೇಕೆಂದಲ್ಲ. ಆಕೆಯ ಸಂಗೀತದ ಮೇಷ್ಟ್ರಿಗೆ 74 ವರ್ಷ. ಅವರ ಗುರುಗಳು ಕೈಯಾರೆ ಬರೆದುಕೊಟ್ಟ 40 ಕೃತಿಗಳ ನೋಟ್‌ಬುಕ್ ಒಂದು ಅವರ ಬಳಿ ಇದೆ. ಕಾಗದ ಹಪ್ಪಳದಂತಾಗಿದೆ, ಮಡಿಸಿದಲ್ಲಿ ಮುರಿಯುತ್ತದೆ. ಮೇಷ್ಟ್ರಿಗೆ ಈಗ ಬೆಳಗಿನ ಹೊತ್ತು ಮಾತ್ರ ಹಾಡಲು ಸಾಧ್ಯ, ಅದೂ ಮೊದಲಿಗಿಂತ ತಗ್ಗಿನ ಶ್ರುತಿಯಲ್ಲಿ. ಒಂದು ದಿನ ಅವರು, ‘ಇದನ್ನ ಆ ಕಂಪ್ಯೂಟರಿಗೆ ಹಾಕಿಬಿಡಮ್ಮಾ. ನನ್ನ ಗಂಟಲೋ ಈ ಪುಸ್ತಕವೋ, ಯಾವುದು ಮೊದಲು ಹೋಗುತ್ತೋ ಗೊತ್ತಿಲ್ಲ’ ಎಂದರು. ಪುಸ್ತಕ ನೋಡಿ ಬೆರಳಚ್ಚು ಮಾಡಿದರೆ ಮುಗಿಯಿತು, ಒಂದು ಬೇಸಿಗೆ ರಜೆಯ ಕೆಲಸ ಎಂದುಕೊಂಡು ಆಕೆ ಒಪ್ಪಿದಳು. ಅದು ಹಾಗಾಗಲಿಲ್ಲ. ಏಕಾಗಲಿಲ್ಲ ಎಂಬುದೇ ಇಂದಿನ ಮಾತಿನ ವಿಷಯ.

ಗ ಒತ್ತಿದರೆ ಪ!

ಆಕೆ ಕಲಿತದ್ದು ಮ್ಯೂಸ್‌ಸ್ಕೋರ್ ಎಂಬ ಸಾಫ್ಟ್‌ವೇರ್. ಇದು ಉಚಿತವಾಗಿ ಸಿಗುತ್ತದೆ. ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿ ತೆರೆಯ ಮೇಲೆ ಮೂಡುತ್ತದೆ. ಕೀಲಿಮಣೆಯ ಅಕ್ಷರ ಒತ್ತಿದರೆ ಗೆರೆಯ ಮೇಲೆ ಸ್ವರ ಕೂರುತ್ತದೆ. ಬರೆದದ್ದನ್ನು ಒಡನೆಯೇ ನುಡಿಸಿ ಕೇಳಿಸುತ್ತದೆ ಎಂಬುದೇ ಅದರ ದೊಡ್ಡ ಆಕರ್ಷಣೆ.

ಮೊದಲ ಪೆಟ್ಟು ಅಕ್ಷರಗಳಲ್ಲೇ ಬಿತ್ತು. ಪಾಶ್ಚಾತ್ಯರ ಸ್ವರಗಳ ಹೆಸರು ಸಿ, ಡಿ, ಇ, ಎಫ್, ಜಿ, ಎ, ಬಿ. ಸಿ ಎಂಬುದನ್ನು ಷಡ್ಜವೆಂದು ಇಟ್ಟುಕೊಂಡರೆ ಡಿ ರಿಷಭವಾಗುತ್ತದೆ, ಜಿ ಪಂಚಮವಾಗುತ್ತದೆ. ಎಂಟು ವರ್ಷ ಸರಿಗಮ ಹಾಡಿದ ಬೆರಳು ಗಾಂಧಾರಕ್ಕೆಂದು ಜಿ ಒತ್ತಿದರೆ ಪಂಚಮ ಕೇಳಿಸಿತು. ಧೈವತಕ್ಕೆಂದು ಡಿ ಒತ್ತಿದರೆ ರಿಷಭ ಬಂತು. ನಿಷಾದಕ್ಕೆ ಎನ್ ಒತ್ತಿದರೆ ಬರೆಯುವ ವ್ಯವಸ್ಥೆಯೇ ನಿಂತುಹೋಯಿತು, ಏಕೆಂದರೆ ಆ ಕೀಲಿ ಇರುವುದು ಸ್ವರ ಬರೆಯುವುದನ್ನು ಆರಂಭಿಸಲು ಮತ್ತು ನಿಲ್ಲಿಸಲು. ಎರಡು ವಾರ ಆಕೆ ಕೀಲಿಗಳ ಮೇಲೆ ಸ ರಿ ಗ ಮ ಎಂದು ಬರೆದ ಚೀಟಿ ಅಂಟಿಸಿಕೊಂಡು ಕೆಲಸ ಮಾಡಿದಳು.

ಒಂದು ಅನುಕೂಲ ಮಾತ್ರ ನಿರೀಕ್ಷಿಸದೆ ಸಿಕ್ಕಿತು. ಸ್ವರದ ಕೆಳಗೆ ಸಾಹಿತ್ಯ ಬರೆಯುವಾಗ ಇಂಗ್ಲಿಷಿನವರು ಪದವನ್ನು ಎಲ್ಲಿ ತುಂಡರಿಸಬೇಕೆಂದು ಪ್ರತಿ ಸಲವೂ ಯೋಚಿಸಬೇಕು. ಕನ್ನಡದಲ್ಲಿ ಅಕ್ಷರವೇ ಉಚ್ಚಾರಣೆಯ ಘಟಕ. ಒಂದು ಸ್ವರಕ್ಕೆ ಒಂದು ಅಕ್ಷರ ಇಡುತ್ತ ಹೋದರೆ ಸಾಲು ತಾನಾಗಿ ಹೊಂದಿಕೊಳ್ಳುತ್ತದೆ.

ಮಲಹರಿಯ ಪಾಠ

ಅಭ್ಯಾಸಕ್ಕೆಂದು ಆಕೆ ಆರಿಸಿಕೊಂಡದ್ದು ತಾವೆಲ್ಲ ಬಾಲ್ಯದಲ್ಲಿ ಕಲಿತ, ಪುರಂದರದಾಸರ ಪಿಳ್ಳಾರಿ ಗೀತೆಗಳಲ್ಲಿ ಒಂದನ್ನು. ರಾಗ ಮಲಹರಿ, ರೂಪಕ ತಾಳ. ಇದಕ್ಕಿಂತ ಸರಳವಾದದ್ದು ಯಾವುದಿದೆ ಎಂದು ತೋರಬಹುದು. ಆದರೆ ಸಾಫ್ಟ್‌ವೇರ್ ಮೊದಲ ಸ್ವರಕ್ಕೂ ಮುನ್ನ ಎರಡು ಪ್ರಶ್ನೆ ಕೇಳುತ್ತದೆ: ಶ್ರುತಿಚಿಹ್ನೆ ಯಾವುದು, ತಾಳ ಯಾವುದು?

ಮಲಹರಿ ಮಾಯಾಮಾಳವಗೌಳದ ಜನ್ಯ. ಷಡ್ಜವನ್ನು ಸಿ ಎಂದಿಟ್ಟರೆ ಅದರ ಶುದ್ಧ ರಿಷಭ ಮತ್ತು ಶುದ್ಧ ಧೈವತ ಅರ್ಧ ಮನೆ ತಗ್ಗಬೇಕು, ಅಂತರ ಗಾಂಧಾರ ತಗ್ಗಬಾರದು. ಪಾಶ್ಚಾತ್ಯ ಪದ್ಧತಿಯಲ್ಲಿ ತಗ್ಗಿಸುವ ಚಿಹ್ನೆಗಳು ಗೊತ್ತಾದ ಸರದಿಯಲ್ಲೇ ಬರುತ್ತವೆ: ಮೊದಲು ಬಿ, ಆಮೇಲೆ ಇ, ಎ, ಡಿ. ರಿಷಭವನ್ನು ತಗ್ಗಿಸಹೊರಟರೆ ಗಾಂಧಾರವೂ ಜೊತೆಗೇ ತಗ್ಗುತ್ತದೆ. ಸಿದ್ಧವಾಗಿದ್ದ ಪಟ್ಟಿಯಲ್ಲಿ ಮಲಹರಿಗೆ ಹೊಂದುವ ಚಿಹ್ನೆ ಒಂದೂ ಇರಲಿಲ್ಲ. ಕೊನೆಗೆ ಆಕೆ ತನ್ನದೇ ಆದ ಚಿಹ್ನೆಯನ್ನು ಕಟ್ಟಿಕೊಳ್ಳಬೇಕಾಯಿತು. ಹಾಗೆ ಕಟ್ಟಿಕೊಳ್ಳಲು ಆ ಸಾಫ್ಟ್‌ವೇರಿನಲ್ಲಿ ಅವಕಾಶವಿದೆ.

ತಾಳದಲ್ಲಿ ತೊಡಕು ಬೇರೆ ರೀತಿಯದು. ರೂಪಕಕ್ಕೆ ಆರು ಅಕ್ಷರ. ಆರು ಎಂದೊಡನೆ ಆಕೆ ‘ಆರು ಬೈ ಎಂಟು’ ಎಂದು ಆರಿಸಿದಳು. ತೆರೆಯ ಮೇಲೆ ಸ್ವರಗಳು ಮೂರು ಮೂರರ ಗುಂಪಾಗಿ ಕೂಡಿಕೊಂಡವು. ರೂಪಕದ ಆರು ಎಂದರೆ ಎರಡು ಮತ್ತು ನಾಲ್ಕು, ಒಂದು ದೃತ, ಒಂದು ಲಘು. ಲೆಕ್ಕದಲ್ಲಿ ಎರಡೂ ಆರೇ, ಕೈಯಲ್ಲಿ ತಾಳ ಹಾಕಿದರೆ ಎರಡೂ ಬೇರೆ. ಎರಡು ಕೂಡಿಸು ನಾಲ್ಕು ಎಂದು ಬರೆಯಬಹುದೆಂದು ಕಂಡುಕೊಳ್ಳಲು ಒಂದು ಸಂಜೆ ಹಿಡಿಯಿತು.

ಇಷ್ಟಾದ ಮೇಲೆ ಯಂತ್ರ ನುಡಿಸಿದ ಮಲಹರಿ ಮಲಹರಿಯಂತೆಯೇ ಕೇಳಿಸಿತು. ಸೂಕ್ಷ್ಮವಾಗಿ ಕೇಳಿದರೆ ಗಾಂಧಾರ ಕೊಂಚ ಏರಿದಂತಿತ್ತು. ಅದಕ್ಕೂ ಕಾರಣವಿದೆ. ಒಂದು ಸ್ಥಾಯಿಯನ್ನು 1200 ಸೆಂಟ್ ಎಂಬ ಸೂಕ್ಷ್ಮ ಭಾಗಗಳಾಗಿ ಅಳೆಯುತ್ತಾರೆ. ತಂಬೂರಿಯ ನಾದದೊಳಗೆ ತಾನಾಗಿ ಹೊಮ್ಮುವ ಗಾಂಧಾರ ಸುಮಾರು 386ನೆಯ ಸೆಂಟಿನಲ್ಲಿದೆ. ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿದ ಪಿಯಾನೋದ ಗಾಂಧಾರ ಇರುವುದು 400ರಲ್ಲಿ. 14 ಸೆಂಟಿನ ಈ ಅಂತರ ಕಾಗದದಲ್ಲಿ ಕಾಣುವುದಿಲ್ಲ, ಶ್ರುತಿಗೆ ಪಳಗಿದ ಕಿವಿಗೆ ಮಾತ್ರ ಕಾಣುತ್ತದೆ.

ತಪ್ಪಿಲ್ಲ, ಆದರೆ ತೋಡಿ ಇಲ್ಲ

ಧೈರ್ಯ ಬಂದು ಆಕೆ ನೋಟ್‌ಬುಕ್ಕಿನಿಂದ ತೋಡಿ ರಾಗದ ಕೃತಿಯೊಂದನ್ನು ಕೈಗೆತ್ತಿಕೊಂಡಳು. ಇಲ್ಲಿ ಒಂದು ವಿಚಿತ್ರ ನಡೆಯಿತು. ತೋಡಿಯ ಸ್ವರಗಳಿಗೆ ಬೇಕಾದ ನಾಲ್ಕು ತಗ್ಗಿನ ಚಿಹ್ನೆಗಳು ಪಾಶ್ಚಾತ್ಯರ ಸರದಿಯಲ್ಲೇ ಇವೆ. ಸಿದ್ಧ ಪಟ್ಟಿಯಿಂದ ಆರಿಸಿದರಾಯಿತು, ಏನನ್ನೂ ಕಟ್ಟಬೇಕಾಗಿಲ್ಲ. ಮಲಹರಿಗಿಂತ ತೋಡಿಯನ್ನು ಬರೆಯುವುದೇ ಸುಲಭವಾಯಿತು. ಎರಡು ದಿನದಲ್ಲಿ ಪಲ್ಲವಿ, ಅನುಪಲ್ಲವಿ, ಚರಣ ಮುಗಿಸಿ, ಲ್ಯಾಪ್‌ಟಾಪ್ ಹಿಡಿದು ಮೇಷ್ಟ್ರ ಮನೆಗೆ ಹೋದಳು.

ಮೇಷ್ಟ್ರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ನೋಟ್‌ಬುಕ್ಕನ್ನೂ ಎದುರಿಗಿಟ್ಟುಕೊಂಡಿದ್ದರು. ಕೊನೆಗೆ, ‘ಸ್ವರ ಒಂದೂ ತಪ್ಪಿಲ್ಲ ಕಣಮ್ಮ, ತೋಡಿ ಮಾತ್ರ ಇಲ್ಲ’ ಎಂದು ನಕ್ಕರು.

ಅವರ ಮಾತು ಅಕ್ಷರಶಃ ನಿಜ. ತೋಡಿಯ ಗಾಂಧಾರ ನಿಂತ ಸ್ವರವಲ್ಲ, ತೂಗುವ ಸ್ವರ. ರಿಷಭದ ಕಡೆಯಿಂದ ಮಧ್ಯಮದ ಕಡೆಗೆ ಅದು ಓಲಾಡುತ್ತದೆ. ಆ ಓಲಾಟವೇ ತೋಡಿಯ ಗುರುತು. ಪುಸ್ತಕದಲ್ಲಿ ‘ಗ’ ಎಂಬ ಒಂದೇ ಅಕ್ಷರ. ಹಾಡುವವನಿಗೆ ಅದನ್ನು ಹೇಗೆ ಹಾಡಬೇಕೆಂದು ಗೊತ್ತಿರುತ್ತದೆ, ಏಕೆಂದರೆ ಅವನು ತೋಡಿಯನ್ನು ನೂರು ಸಲ ಕೇಳಿರುತ್ತಾನೆ. ಯಂತ್ರ ಒಮ್ಮೆಯೂ ಕೇಳಿಲ್ಲ. ಬರೆದದ್ದನ್ನಷ್ಟೇ ನುಡಿಸಿತು. ಪುಸ್ತಕದಲ್ಲಿ ಬರೆಯದೆ ಬಿಟ್ಟಿರುವುದು ಎಷ್ಟು ಎಂಬುದನ್ನು ಆ ವಿದ್ಯಾರ್ಥಿನಿಗೆ ಮೊದಲ ಬಾರಿಗೆ ತೋರಿಸಿಕೊಟ್ಟದ್ದು ಈ ಕೇಳದ ಕಿವಿಯೇ.

ನೆನಪಿಗೆಂದು ಬರೆದದ್ದು

ಇದು ನಮ್ಮ ಸಂಗೀತದ ಕೊರತೆ ಎಂದು ಯಾರೂ ಭಾವಿಸಬೇಕಾಗಿಲ್ಲ. ಸ್ವರಲಿಪಿ ಹುಟ್ಟಿದ್ದೇ ಬಲ್ಲವರ ನೆನಪಿಗಾಗಿ. ಯೂರೋಪಿನ ಹಳೆಯ ಚರ್ಚ್ ಗಾಯನದ ಹಸ್ತಪ್ರತಿಗಳಲ್ಲಿ ಸಾಹಿತ್ಯದ ಮೇಲೆ ಏರಿಳಿತ ಸೂಚಿಸುವ ಗೀಟುಗಳಷ್ಟೇ ಇದ್ದವು. ಹಾಡು ಮೊದಲೇ ಗೊತ್ತಿದ್ದವರಿಗೆ ಮಾತ್ರ ಅವು ಉಪಯುಕ್ತ. ಕೇಳದ ಹಾಡನ್ನೂ ಓದಿ ಹಾಡುವಂತಾಗಲಿ ಎಂದು 11ನೆಯ ಶತಮಾನದಲ್ಲಿ ಇಟಲಿಯ ಗೀದೊ ಎಂಬ ಸಂನ್ಯಾಸಿ ಗೆರೆಗಳ ಪದ್ಧತಿಯನ್ನು ರೂಢಿಗೆ ತಂದ. 1501ರಲ್ಲಿ ವೆನಿಸ್ ನಗರದಲ್ಲಿ ಪೆತ್ರುಚ್ಚಿ ಎಂಬಾತ ಬಹುಧ್ವನಿಯ ಹಾಡುಗಳನ್ನು ಅಚ್ಚುಮೊಳೆಗಳಿಂದ ಮುದ್ರಿಸಿದ.

ನಮ್ಮಲ್ಲಿ ತಮಿಳುನಾಡಿನ ಪುದುಕ್ಕೋಟೆಯ ಬಳಿ ಕುಡುಮಿಯಾನ್‌ಮಲೆ ಎಂಬಲ್ಲಿ ಬಂಡೆಯ ಮೇಲೆ ಸ್ವರಾಕ್ಷರಗಳ ಸಾಲುಗಳನ್ನು ಕೊರೆದಿದ್ದಾರೆ. ಅದು ಸುಮಾರು ಏಳನೆಯ ಶತಮಾನದ್ದೆನ್ನುತ್ತಾರೆ. ಅಕ್ಷರಗಳನ್ನು ಇಂದಿಗೂ ಓದಬಹುದು. ಅವು ಹೇಗೆ ಕೇಳಿಸುತ್ತಿದ್ದವು ಎಂಬ ಬಗ್ಗೆ ವಿದ್ವಾಂಸರ ಚರ್ಚೆ ಮುಗಿದಿಲ್ಲ. ಕಲ್ಲು ಉಳಿಯಿತು, ಹಾಡುತ್ತಿದ್ದವರ ಸಾಲು ಕಡಿದುಹೋಯಿತು.

ಈ ಅಪಾಯವನ್ನು ಬಲ್ಲವರು ಹಿಂದೆಯೂ ಇದ್ದರು. ಮದರಾಸಿನ ಎ.ಎಂ. ಚಿನ್ನಸ್ವಾಮಿ ಮೊದಲಿಯಾರರು 1890ರ ದಶಕದ ಮೊದಲಲ್ಲಿ ನಮ್ಮ ಕೃತಿಗಳನ್ನು ಪಾಶ್ಚಾತ್ಯ ಸ್ವರಲಿಪಿಯಲ್ಲಿ ಪ್ರಕಟಿಸಹೊರಟರು. ಅವರ ಒತ್ತಾಸೆಯೂ ಸೇರಿ, ಮುತ್ತುಸ್ವಾಮಿ ದೀಕ್ಷಿತರ ವಂಶದ ಸುಬ್ಬರಾಮ ದೀಕ್ಷಿತರು ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯನ್ನು ಸಿದ್ಧಪಡಿಸಿದರು. 1904ರಲ್ಲಿ ಎಟ್ಟಯಪುರದಲ್ಲಿ ತೆಲುಗು ಲಿಪಿಯಲ್ಲಿ ಅಚ್ಚಾದ ಈ ಗ್ರಂಥದಲ್ಲಿ ಸ್ವರಗಳ ಮೇಲೆ ಗಮಕಗಳಿಗೆ ಪ್ರತ್ಯೇಕ ಚಿಹ್ನೆಗಳಿವೆ. ಕಂಪಿತಕ್ಕೊಂದು, ಜಾರುವಿಕೆಗೊಂದು, ಹೀಗೆ. ಆದರೆ ಮುಂದೆ ಅಚ್ಚಾದ ಹೆಚ್ಚಿನ ಪಾಠಪುಸ್ತಕಗಳು ಆ ಚಿಹ್ನೆಗಳ ಗೋಜಿಗೆ ಹೋಗಲಿಲ್ಲ. ಮೇಷ್ಟ್ರು ಎದುರಿಗೇ ಇದ್ದಾಗ ಅವು ಬೇಕೆನಿಸಲಿಲ್ಲ.

ಮೈಸೂರಿಗೂ ಈ ಎರಡು ಲಿಪಿಗಳ ನಂಟು ಹೊಸದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಅರಮನೆಯಲ್ಲಿ ವೀಣೆ ಶೇಷಣ್ಣ, ಮೈಸೂರು ವಾಸುದೇವಾಚಾರ್ಯರಂಥ ವಿದ್ವಾಂಸರಿದ್ದರು. ಗೆರೆಗಳ ಲಿಪಿ ನೋಡಿ ನುಡಿಸುವ ಬ್ಯಾಂಡೂ ಇತ್ತು. ಜಯಚಾಮರಾಜ ಒಡೆಯರು ಪಿಯಾನೋ ಬಲ್ಲವರು, ರಷ್ಯದ ಮೆಟ್ನರ್ ಎಂಬ ಸಂಗೀತಗಾರನ ಕೃತಿಗಳ ಧ್ವನಿಮುದ್ರಣಕ್ಕೆ ನೆರವಾದವರು. ಅವರೇ ಕರ್ನಾಟಕ ಪದ್ಧತಿಯಲ್ಲಿ 94 ಕೃತಿಗಳನ್ನೂ ರಚಿಸಿದರು. ಎರಡೂ ಲಿಪಿಗಳನ್ನು ಬಲ್ಲವರು ಒಂದನ್ನು ಇನ್ನೊಂದಕ್ಕೆ ಬದಲಿ ಎಂದುಕೊಳ್ಳಲಿಲ್ಲ.

ಗೆರೆಯಾಗಿ ಕಂಡ ಗಮಕ

ಮೇಷ್ಟ್ರು ನಕ್ಕ ಮೇಲೆ ವಿದ್ಯಾರ್ಥಿನಿ ಸುಮ್ಮನಾಗಲಿಲ್ಲ. ತರಗತಿಯಲ್ಲಿ ಕಲಿತ ಇನ್ನರ್ಧ ವಿದ್ಯೆಯನ್ನು ಹೊರತೆಗೆದಳು. ಮೈಕ್ ಇಟ್ಟು ಅವರು ಹಾಡಿದ ತೋಡಿಯನ್ನು ಮುದ್ರಿಸಿಕೊಂಡಳು. ಇಂಥ ಮುದ್ರಣದಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು ಸಂಖ್ಯೆಗಳನ್ನಾಗಿ ಮಾಡುತ್ತಾರೆ. ಆ ಸಂಖ್ಯೆಗಳಿಂದ ಸ್ವರದ ಏರಿಳಿತವನ್ನು ತೆರೆಯ ಮೇಲೆ ಗೆರೆಯಾಗಿ ನೋಡಬಹುದು. ಪುಸ್ತಕದಲ್ಲಿ ‘ಗ’ ಎಂದು ಬರೆದ ಕಡೆ ಗೆರೆ ಗಾಂಧಾರದಲ್ಲಿ ನಿಲ್ಲುವುದೇ ಇಲ್ಲ. ಅಲೆಯಂತೆ ಮೇಲೆ ಕೆಳಗೆ ಹೋಗಿ ಬರುತ್ತದೆ, ಗಾಂಧಾರದ ಮೇಲೆ ಹಾದುಹೋಗುತ್ತದೆ ಅಷ್ಟೆ. ಎಂಟು ವರ್ಷ ಹಾಡಿದ್ದು ಏನೆಂದು ಆಕೆ ಕಣ್ಣಾರೆ ಕಂಡದ್ದು ಆಗ.

ಆಮೇಲೆ ಆ ಅಲೆಯನ್ನು ಯಂತ್ರದಿಂದ ನುಡಿಸಲು ಹೊರಟಳು. ವಾದ್ಯಗಳೂ ಕಂಪ್ಯೂಟರುಗಳೂ ಪರಸ್ಪರ ಮಾತಾಡಲು ‘ಮಿಡಿ’ ಎಂಬ ಭಾಷೆಯೊಂದಿದೆ. ಜಪಾನಿನ ಇಕುತಾರೊ ಕಾಕೆಹಾಶಿ, ಅಮೆರಿಕದ ಡೇವ್ ಸ್ಮಿತ್ ಮೊದಲಾದವರ ಯತ್ನದಿಂದ 1983ರಲ್ಲಿ ಬಳಕೆಗೆ ಬಂದದ್ದು. ಇದರಲ್ಲಿ ಧ್ವನಿ ಇರುವುದಿಲ್ಲ, ಆಜ್ಞೆಗಳಷ್ಟೇ ಇರುತ್ತವೆ: ಯಾವ ಕೀಲಿ, ಯಾವಾಗ, ಎಷ್ಟು ಜೋರಾಗಿ ಒತ್ತಬೇಕು, ಯಾವಾಗ ಬಿಡಬೇಕು. ಕೀಲಿಗಳಿಗೆ 128 ಸಂಖ್ಯೆಗಳು. ಹುಟ್ಟಿದ್ದು ಕೀಲಿಮಣೆಯ ವಾದ್ಯಗಳಿಗಾಗಿ, ಆದ್ದರಿಂದ ಎರಡು ಸ್ವರಗಳ ನಡುವಿನ ದಾರಿ ಅದಕ್ಕೆ ಮುಖ್ಯವಲ್ಲ. ಆದರೂ ಸ್ವರವನ್ನು ಬಗ್ಗಿಸಲು ಅದರಲ್ಲಿ ಒಂದು ಸೌಲಭ್ಯವಿದೆ, ಅದಕ್ಕೆ 16,384 ಮೆಟ್ಟಿಲುಗಳಿವೆ.

ಮೂರು ಸೆಕೆಂಡಿನ ಒಂದು ಗಾಂಧಾರಕ್ಕೆ ಆ ಓಲಾಟವನ್ನು ಕೈಯಿಂದ ಬಿಡಿಸಲು ಆಕೆಗೆ ಒಂದು ಇಡೀ ಸಂಜೆ ಹಿಡಿಯಿತು. ಮೊದಲು ಅದು ಆಂಬ್ಯುಲೆನ್ಸಿನ ಕೂಗಿನಂತಿತ್ತು, ಏಕೆಂದರೆ ಎಲ್ಲ ಅಲೆಗಳೂ ಒಂದೇ ಅಳತೆಯವಾಗಿದ್ದವು. ಮೇಷ್ಟ್ರ ಮುದ್ರಣವನ್ನು ಮತ್ತೆ ಮತ್ತೆ ಕೇಳಿ ನೋಡಿದಾಗ, ಅವರು ಕೆಳಗೆ ಕೊಂಚ ಹೊತ್ತು ನಿಂತು ಮೇಲಕ್ಕೆ ಬೇಗ ಹೋಗಿ ಬರುತ್ತಾರೆ ಎಂಬುದು ತಿಳಿಯಿತು. ಹಾಗೆ ತಿದ್ದಿದ ಮೇಲೆ ತೋಡಿಯ ಛಾಯೆ ಸುಳಿಯಿತು. ಯಂತ್ರದ ತೋಡಿಯನ್ನು ಯಾರೂ ಕಛೇರಿಯಲ್ಲಿ ಕೇಳುವುದಿಲ್ಲ. ಆದರೆ ಆ ಸಂಜೆಯ ನಂತರ ಆಕೆಯದೇ ತೋಡಿ ಸುಧಾರಿಸಿತು. ಮೇಷ್ಟ್ರೇ ಅದನ್ನು ಗಮನಿಸಿ ಕೇಳಿದರು.

ಧ್ವನಿಮುದ್ರಣದ ತರಗತಿಯ ಇತರ ಪಾಠಗಳೂ ಇದೇ ದಿಕ್ಕಿನವು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಹಾಡಿದರೆ ಆಕೆಯ ಧ್ವನಿ ಆಕೆಗೇ ತಡವಾಗಿ ಕೇಳಿಸುತ್ತಿತ್ತು. ಕಂಪ್ಯೂಟರ್ 1,024 ಅಳತೆಗಳನ್ನು ಕೂಡಿಹಾಕಿ ಒಟ್ಟಿಗೆ ಕಳಿಸುತ್ತಿದ್ದರೆ ಅಷ್ಟಕ್ಕೇ 23 ಮಿಲಿಸೆಕೆಂಡು ಹೋಗುತ್ತದೆ, ಹಿಂದಿರುಗುವಾಗ ಮತ್ತಷ್ಟು. ಆ ಸಂಖ್ಯೆಯನ್ನು 128ಕ್ಕೆ ಇಳಿಸಿದಾಗ ತಾಳ ಕೈಗೆ ಸಿಕ್ಕಿತು. ಸ್ವರಗಳನ್ನು ತಾಳದ ಗೆರೆಗೆ ಸರಿಯಾಗಿ ಎಳೆದು ಕೂರಿಸುವ ‘ಕ್ವಾಂಟೈಸ್’ ಎಂಬ ಗುಂಡಿಯನ್ನು ಒತ್ತಿ ನೋಡಿದಾಗ ಹಾಡು ಕವಾಯತು ಮಾಡಿತು. 1997ರಲ್ಲಿ ಬಂದ ಆಟೋ-ಟ್ಯೂನ್ ಜಾತಿಯ, ಅಪಶ್ರುತಿ ತಿದ್ದುವ ಉಪಕರಣವನ್ನು ತನ್ನ ತೋಡಿಗೆ ಹಚ್ಚಿದಳು. ಓಲಾಡುವ ಗಾಂಧಾರವನ್ನು ಅದು ತಪ್ಪೆಂದು ತಿಳಿದು, ಹತ್ತಿರದ ಮನೆಗಳಿಗೆ ತಳ್ಳಿ, ಅಲೆಯನ್ನು ಮೆಟ್ಟಿಲು ಮಾಡಿಬಿಟ್ಟಿತು. ಉಪಕರಣ ಕೆಟ್ಟದ್ದಲ್ಲ. ಯಾವುದು ತಪ್ಪು, ಯಾವುದು ಗಮಕ ಎಂದು ಹೇಳುವ ಕೆಲಸ ಮಾತ್ರ ಅದರದಲ್ಲ.

ಪೆನ್ಸಿಲಿನ ಗುರುತುಗಳು

ಇದೆಲ್ಲ ಆದ ಮೇಲೆ ಆಕೆ ಹಳೆಯ ನೋಟ್‌ಬುಕ್ಕನ್ನು ಮತ್ತೆ ತೆರೆದಳು. ಮೊದಲ ಸಲ ಬೆರಳಚ್ಚು ಮಾಡುವಾಗ ಕೆಲವು ಸ್ವರಗಳ ನೆತ್ತಿಯ ಮೇಲೆ ಮಾಸಲು ಗೀಟುಗಳಿದ್ದುದನ್ನು ಕಲೆಗಳೆಂದು ಬಿಟ್ಟುಬಿಟ್ಟಿದ್ದಳು. ಈಗ ಪೆನ್ಸಿಲಿನಲ್ಲಿ ಎಳೆದ ಸಣ್ಣ ಅಲೆಗಳೆಂದು ಗೊತ್ತಾಯಿತು. ತೋಡಿಯ ಗಾಂಧಾರದ ಮೇಲೆ ಇರಲಿಲ್ಲ, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಬೇರೆಯವರು ನಿಲ್ಲಿಸಿ ಹಾಡುವ, ತಮ್ಮ ಪರಂಪರೆಯಲ್ಲಿ ಮಾತ್ರ ತೂಗಿ ಹಾಡುವ ಸ್ವರಗಳ ಮೇಲೆ ಮಾತ್ರ ಇದ್ದವು. ಮೇಷ್ಟ್ರಿಗೆ ತೋರಿಸಿದಾಗ ಅವರು ಬಹಳ ಹೊತ್ತು ಪುಟವನ್ನೇ ನೋಡಿದರು. ‘ಇದು ನಮ್ಮ ಗುರುಗಳ ಕೈ. ನಾನೇ ಮರೆತಿದ್ದೆ’ ಎಂದು, ಒಂದು ಸ್ಥಳವನ್ನು ಆ ಗುರುತಿನಂತೆ ಹಾಡಿ ತೋರಿಸಿದರು. ಇಷ್ಟು ವರ್ಷ ಅವರೇ ಅದನ್ನು ನೇರವಾಗಿ ಹಾಡುತ್ತಿದ್ದರಂತೆ.

ಬರಿಯ ಬೆರಳಚ್ಚಿನಲ್ಲಿ ಆ ಗುರುತುಗಳು ಕಳೆದುಹೋಗುತ್ತಿದ್ದವು. ಅಂದವಾದ ಹೊಸ ಪ್ರತಿ ಇದೆಯಲ್ಲ ಎಂದು ಹಳೆಯದನ್ನು ರದ್ದಿಗೆ ಹಾಕಿದ್ದರೆ ಕಳೆದದ್ದು ಯಾರಿಗೂ ತಿಳಿಯುತ್ತಲೂ ಇರಲಿಲ್ಲ.

ಈಗ ಆಕೆ ಪ್ರತಿ ಕೃತಿಗೂ ನಾಲ್ಕು ಕೆಲಸ ಮಾಡುತ್ತಾಳೆ. ಪುಟದ ಛಾಯಾಚಿತ್ರ ತೆಗೆಯುತ್ತಾಳೆ. ಕನ್ನಡ ಅಕ್ಷರಗಳಲ್ಲಿ ಸ್ವರ, ಸಾಹಿತ್ಯ, ಪೆನ್ಸಿಲಿನ ಗುರುತುಗಳನ್ನು ಬರೆಯುತ್ತಾಳೆ. ಬೇರೆ ವಾದ್ಯದವರಿಗೂ ಬೇಕಾದೀತೆಂದು ಗೆರೆಗಳ ಲಿಪಿಯಲ್ಲಿ ಒಂದು ಪ್ರತಿ ಮಾಡುತ್ತಾಳೆ. ಎಲ್ಲಕ್ಕಿಂತ ಮೊದಲು ಮೇಷ್ಟ್ರು ಸಾವಕಾಶವಾಗಿ ಹಾಡಿದ್ದನ್ನು ಮುದ್ರಿಸಿಕೊಳ್ಳುತ್ತಾಳೆ. ಮೊದಲು ಏಕೆಂದರೆ, ಉಳಿದ ಮೂರು ಕಾಯಬಲ್ಲವು.

ಕಡತವೂ ಹಳತಾಗುತ್ತದೆ

ಕೊನೆಯದಾಗಿ ಒಂದು ಎಚ್ಚರಿಕೆ. ಕಂಪ್ಯೂಟರಿಗೆ ಹಾಕಿದ್ದು ಶಾಶ್ವತವೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಸ್ವರಲಿಪಿ ಬರೆಯುವ ಸಾಫ್ಟ್‌ವೇರುಗಳಲ್ಲಿ ಫಿನಾಲೆ ಎಂಬುದು 1988ರಿಂದ ಪ್ರಸಿದ್ಧವಾಗಿತ್ತು. ಜಗತ್ತಿನ ಎಷ್ಟೋ ಸಂಗೀತಗಾರರ ಜೀವಮಾನದ ಕೆಲಸ ಅದರ ಕಡತಗಳಲ್ಲಿತ್ತು. 2024ರ ಆಗಸ್ಟಿನಲ್ಲಿ ಅದರ ಕಂಪನಿ ಇನ್ನು ಮುಂದೆ ಅದನ್ನು ಬೆಳೆಸುವುದಿಲ್ಲವೆಂದು ಪ್ರಕಟಿಸಿತು. ಬಳಸುತ್ತಿದ್ದವರು ತಮ್ಮ ಕಡತಗಳನ್ನು ಬೇರೆ ಸಾಫ್ಟ್‌ವೇರುಗಳಿಗೆ ಸಾಗಿಸುವ ಕೆಲಸಕ್ಕೆ ತೊಡಗಬೇಕಾಯಿತು. ಹಾಗೆ ಸಾಗಿಸಲು 2004ರಿಂದ ಮ್ಯೂಸಿಕ್‌ಎಕ್ಸ್‌ಎಂಎಲ್ ಎಂಬ ಸಾಮಾನ್ಯ ರೂಪವೊಂದು ಬಳಕೆಯಲ್ಲಿದೆ, ಬಹುತೇಕ ಸಾಫ್ಟ್‌ವೇರುಗಳು ಅದನ್ನು ಓದಬಲ್ಲವು. ಮಕ್ಕಳಿಗೆ ಈ ವಿದ್ಯೆ ಕಲಿಸುವ ಪೋಷಕರು ಇದೊಂದನ್ನು ಮರೆಯಬಾರದು: ಬರೆದದ್ದರ ಒಂದು ಪ್ರತಿ ಆ ಸಾಮಾನ್ಯ ರೂಪದಲ್ಲಿರಲಿ, ಇನ್ನೊಂದು ಪ್ರತಿ ಒಳ್ಳೆಯ ಕಾಗದದ ಮೇಲಿರಲಿ.

ಆರಂಭದ ಎರಡು ಪ್ರಶ್ನೆಗಳಿಗೆ ಮರಳಬಹುದು. ಕಂಪ್ಯೂಟರಿಗೂ ಸಂಗೀತಕ್ಕೂ ಸಂಬಂಧವಿದೆ. ಏನನ್ನೂ ಊಹಿಸಿಕೊಳ್ಳದ ಆ ಯಂತ್ರದ ಎದುರು ನಮ್ಮ ಪುಸ್ತಕಗಳು ಹೇಳದೆ ಬಿಟ್ಟದ್ದು ಬೆಳಕಿಗೆ ಬರುತ್ತದೆ. ಅಲ್ಲಿ ಏನು ಬಿಟ್ಟುಹೋಗಿದೆ ಎಂದು ಹೇಳಲು ಮೇಷ್ಟ್ರೇ ಬೇಕು, ಅದೂ ಅವರು ಇನ್ನೂ ಹಾಡಬಲ್ಲವರಾಗಿರುವಾಗ.

ಮೈಸೂರಿನ ಆ ಮನೆಯಲ್ಲಿ ಈಗ ಭಾನುವಾರ ಬೆಳಗ್ಗೆ ಏಳು ಗಂಟೆಗೆ ಮೈಕ್ ಸಿದ್ಧವಾಗಿರುತ್ತದೆ. 40ರಲ್ಲಿ 11 ಕೃತಿಗಳು ಮುಗಿದಿವೆ. ಉಳಿದವು 29. ತಮ್ಮ ತಮ್ಮ ಮನೆಗಳಲ್ಲಿ, ತಮ್ಮ ಮೇಷ್ಟ್ರ ಮನೆಗಳಲ್ಲಿ ಇಂಥ ನೋಟ್‌ಬುಕ್ ಇದೆಯೇ ಎಂದು ಈ ಸಭೆಯಿಂದ ಮರಳಿದ ಮೇಲೆ ತಾವೆಲ್ಲ ಒಮ್ಮೆ ಹುಡುಕಿ ನೋಡಬೇಕೆಂದು ವಿನಂತಿ. ಸಿಕ್ಕರೆ, ಪೆನ್ಸಿಲಿನ ಗುರುತುಗಳನ್ನು ಅಳಿಸಬೇಡಿ.